ಪದ ಪರಿಚಯ: ಪೆಪ್

'ಪೈಥಾನ್ ಎನ್‌ಹ್ಯಾನ್ಸ್‌ಮೆಂಟ್ ಪ್ರಪೋಸಲ್' ಎಂಬ ಪದತ್ರಯದ ಆದ್ಯಕ್ಷರಗಳಿಂದ ನಿಷ್ಪನ್ನವಾದ 'ಪೆಪ್' ಶಬ್ದವು, ಅಂತರ್ಜಾಲದ ಪೂರ್ವರೂಪವಾದ ಅರ್ಪಾನೆಟ್ಟಿನ ಶಿಲ್ಪಿಗಳು 1969ರಲ್ಲಿ ಅಭಿಪ್ರಾಯಯಾಚನೆಗೆಂದು ಆರಂಭಿಸಿದ 'ಆರ್‌ಎಫ್‌ಸಿ' ಪತ್ರಗಳ ಪದ್ಧತಿಯನ್ನನುಸರಿಸಿ, 2000ದಲ್ಲಿ ಪೈಥಾನ್ ಗಣಕಭಾಷೆಯ ಬಳಗದಲ್ಲಿ ರೂಢಿಗೆ ಬಂದಿತು. ಭಾಷೆಗೆ ಹೊಸ ಲಕ್ಷಣವೊಂದನ್ನು ಸೇರಿಸಬಯಸುವವರು ಅದರ ಸ್ವರೂಪ, ಪ್ರಯೋಜನಗಳನ್ನಷ್ಟೇ ಅಲ್ಲದೆ ತಾವು ಕೈಬಿಟ್ಟ ಪರ್ಯಾಯಗಳನ್ನೂ ಪೆಪ್ ಎಂಬ ಪತ್ರದಲ್ಲಿ ನಿರೂಪಿಸತಕ್ಕದ್ದು. ನಿರಾಕೃತವಾದ ಪೆಪ್ಪುಗಳು ಸಹ ನಾಶವಾಗದೆ ಕಡತದಲ್ಲಿ ಉಳಿಯುವುದೇ ಈ ಸಂಪ್ರದಾಯದ ದೊಡ್ಡ ಗುಣವೆಂದು ನನ್ನ ಎಣಿಕೆ. ಮೊದಲನೆಯ ಪೆಪ್ಪು ಪೆಪ್ಪೆಂದರೇನೆಂಬುದನ್ನೇ ಹೇಳುತ್ತದೆ, ವ್ಯಾಕರಣದ ಸಂಜ್ಞಾಪ್ರಕರಣದಂತೆ! ಪೈಥಾನ್ ಸಂಕೇತಬರಹದ ಶೈಲಿಗೆ 8ನೆಯದು ಪ್ರಮಾಣ. "ಇದು ಪೆಪ್ 8ಕ್ಕೆ ಒಪ್ಪದು" ಎಂಬುದು ಪರಿಶೀಲಕರ ನಿತ್ಯದ ಆಕ್ಷೇಪ. ಪೈಥಾನಿನ ವರ್ಷಕ್ಕೊಂದು ಆವೃತ್ತಿಯು ಅಕ್ಟೋಬರಿನಲ್ಲಿ ಹೊರಡುವುದೂ, ಅದರ ಮೊದಲ ಬೀಟಾ (ಪರೀಕ್ಷಾರೂಪ) ಬಂದಮೇಲೆ ಹೊಸ ಲಕ್ಷಣಕ್ಕೆ ಎಡೆಯಿಲ್ಲದಿರುವುದೂ 602ನೆಯದರ ವಿಧಿ.