ತೋಟದ ಪಂಪು ದೋಣಿ ಓಡಿಸಿದ ಕಥೆ

ತೋಟಕ್ಕೆ ನೀರು ಬಿಡುವಾಗ ಪೈಪು ಕೈಜಾರಿದರೆ ಅದು ಹಿಂದಕ್ಕೆ ಒದೆಯುವುದು ನಮಗೆಲ್ಲ ಗೊತ್ತು. ಜೆಟ್ ಬೋಟ್ ಓಡುವುದು ಆ ಒದೆತದಿಂದಲೇ. ಮಲ್ಪೆ, ಮುರುಡೇಶ್ವರದ ಕಡಲಲ್ಲಿ ಕಾಣುವ ಜೆಟ್ ಸ್ಕೀ ಕೂಡ ಇದೇ ಜಾತಿ. ಫ್ಯಾನಿನಂತೆ ತಿರುಗುವ ಪ್ರೊಪೆಲ್ಲರ್ ಇರುವಾಗ ಇದು ಯಾಕೆ ಬೇಕಾಯಿತು?

ಮೊದಲು ಪ್ರೊಪೆಲ್ಲರ್ ಕಥೆ ನೋಡೋಣ. 1836ರಲ್ಲಿ ಇಂಗ್ಲೆಂಡಿನಲ್ಲಿ ಫ್ರಾನ್ಸಿಸ್ ಪೆಟಿಟ್ ಸ್ಮಿತ್ ಮತ್ತು ಸ್ವೀಡನ್ನಿನ ಜಾನ್ ಎರಿಕ್ಸನ್ ಬೇರೆ ಬೇರೆಯಾಗಿ ಇದಕ್ಕೆ ಪೇಟೆಂಟ್ ಪಡೆದರು. ಆಗಿನ ಉಗಿಹಡಗುಗಳು ಪಕ್ಕದ ದೊಡ್ಡ ಚಕ್ರಗಳಿಂದ ಓಡುತ್ತಿದ್ದವು. ಯಾವುದು ಮೇಲು ಎಂದು ನೋಡಲು ಬ್ರಿಟಿಷ್ ನೌಕಾಪಡೆ 1845ರಲ್ಲಿ ಎರಡು ಹಡಗುಗಳನ್ನು ಬೆನ್ನಿಗೆ ಬೆನ್ನು ಕಟ್ಟಿ ಹಗ್ಗಜಗ್ಗಾಟ ಆಡಿಸಿತು. ಪ್ರೊಪೆಲ್ಲರ್ ಇದ್ದ ರ‍್ಯಾಟ್ಲರ್, ಚಕ್ರದ ಅಲೆಕ್ಟೋವನ್ನು ಹಿಂದಕ್ಕೆ ಎಳೆದುಕೊಂಡೇ ಹೋಯಿತು. 1909ರಲ್ಲಿ ಅಮೆರಿಕದ ಓಲೆ ಎವಿನ್‌ರೂಡ್ ದೋಣಿಯ ಹಿಂದೆ ಸಿಕ್ಕಿಸುವ ಪುಟ್ಟ ಮೋಟಾರು ಮಾಡಿದ ಮೇಲೆ ಅದು ಸಾಮಾನ್ಯರ ಕೈಗೂ ಬಂತು.

ಆದರೆ ನ್ಯೂಜಿಲೆಂಡಿನ ನದಿಗಳಲ್ಲಿ ಅದು ಸೋತಿತು. ಅಲ್ಲಿ ನೀರು ಕಲ್ಲುಗುಂಡುಗಳ ಮೇಲೆ ತೆಳ್ಳಗೆ ಹರಿಯುತ್ತದೆ. ಕೆಳಗೆ ಇಳಿಬಿದ್ದ ಪ್ರೊಪೆಲ್ಲರ್ ಕಲ್ಲಿಗೆ ಬಡಿದರೆ ಮುರಿಯುತ್ತದೆ. ಕುರಿ ಸಾಕುತ್ತಿದ್ದ, ಯಂತ್ರಗಳ ಹುಚ್ಚಿದ್ದ ರೈತ ಬಿಲ್ ಹ್ಯಾಮಿಲ್ಟನ್ 1950ರ ದಶಕದಲ್ಲಿ ದೋಣಿಯೊಳಗೇ ಪಂಪು ಕೂರಿಸಿದರು. ಅದು ತಳದಿಂದ ನೀರು ಹೀರಿ ಹಿಂದಕ್ಕೆ ಚಿಮ್ಮುತ್ತದೆ. ಚಿಮ್ಮುವ ಬಾಯಿ ಮೊದಲು ದೋಣಿಯ ಅಡಿಯಲ್ಲಿತ್ತು. ಅದನ್ನು ಹಿಂಬದಿಗೆ, ನೀರಿನ ಮಟ್ಟದಿಂದ ಮೇಲಕ್ಕೆ ತಂದಾಗ ವೇಗ ಬಂತು. 1960ರಲ್ಲಿ ಅವರ ದೋಣಿಗಳು ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್ ಕಣಿವೆಯಲ್ಲಿ ಕೊಲರಾಡೋ ನದಿಯ ಸೆಳವಿಗೆ ಎದುರಾಗಿ ಮೇಲಕ್ಕೆ ಏರಿದವು. 1974ರಲ್ಲಿ ಹ್ಯಾಮಿಲ್ಟನ್‌ಗೆ ಸರ್ ಪದವಿ ಬಂತು.

ಹಾಗಂತ ಜೆಟ್ ಎಲ್ಲದರಲ್ಲೂ ಮೇಲಲ್ಲ. ನಿಧಾನಕ್ಕೆ ಹೋಗಲು, ಭಾರ ಎಳೆಯಲು ಪ್ರೊಪೆಲ್ಲರೇ ಸರಿ, ಇಂಧನವೂ ಕಡಿಮೆ ಸಾಕು. ಫುಟ್‌ವಾಲ್ವಿಗೆ ಕಸ ಸಿಕ್ಕಿ ಪಂಪು ಕೈಕೊಡುವಂತೆ ಜೆಟ್ಟಿಗೂ ಪಾಚಿ, ಮರಳು ಆಗಿಬರುವುದಿಲ್ಲ. ಆದರೆ ಹೊರಗೆ ತಿರುಗುವ ಅಲಗು ಇಲ್ಲದ್ದರಿಂದ ಈಜುವವರ ಕೈಕಾಲು ಕೊಯ್ಯುವ ಭಯ ಕಡಿಮೆ.

ರಜೆಯಲ್ಲಿ ಜೆಟ್ ಸ್ಕೀ ಹತ್ತುವ ನಮ್ಮ ಹುಡುಗರು ಒಂದು ಮಾತು ತಿಳಿದಿರಲೇಬೇಕು. ಜೆಟ್ ತಿರುಗುವುದು ಚಿಮ್ಮುವ ನೀರನ್ನು ಎಡಕ್ಕೋ ಬಲಕ್ಕೋ ತಿರುಗಿಸಿದಾಗ. ಎದುರು ಯಾರೋ ಬಂದರೆಂದು ಗಾಬರಿಯಲ್ಲಿ ಆಕ್ಸಿಲರೇಟರ್ ಪೂರ್ತಿ ಬಿಟ್ಟರೆ ಚಿಮ್ಮುವ ನೀರು ನಿಲ್ಲುತ್ತದೆ. ಆಮೇಲೆ ಹ್ಯಾಂಡಲ್ ಎಷ್ಟು ತಿರುಗಿಸಿದರೂ ಗಾಡಿ ನೇರ ಹೋಗುತ್ತದೆ. ಬೈಕಿನ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ಕೆಲವು ಹೊಸ ಗಾಡಿಗಳಲ್ಲಿ ಬ್ರೇಕೂ ಇದೆ, ಬಿಟ್ಟರೂ ಸ್ವಲ್ಪ ತಿರುಗಿಸುವ ವ್ಯವಸ್ಥೆಯೂ ಇದೆ. ಹತ್ತುವ ಮುಂಚೆ ಅದು ಇದೆಯೇ ಎಂದು ಕೇಳಿ, ಲೈಫ್ ಜಾಕೆಟ್ ಬಿಗಿಯಾಗಿ ಕಟ್ಟಿಕೊಳ್ಳಿ. ಓಡುವ ಜೆಟ್ಟಿನ ಹಿಂದೆ ಯಾರೂ ಈಜಬಾರದು.