ಒಳಬಾಗಿಲಿನ ಚಿಲಕ ಯಾವ ಕಡೆಗೆ?

ಕೋಲಾರ ಸೀಮೆಯಲ್ಲಿ ಬಾಗಿಲಿಗೆ ಹೆಸರುಗಳ ಬರವಿಲ್ಲ. ಕನ್ನಡದವರಿಗೆ ಅದು ಬಾಗಿಲು, ಕದ. ತೆಲುಗಿನವರಿಗೆ ತಲುಪು, ವಾಕಿಲಿ. ಕೆ.ಜಿ.ಎಫ್.ನ ತಮಿಳರಿಗೆ ಕದವು. ನಮ್ಮ ಮನೆಗಳ ದಖನಿಯಲ್ಲಿ ದರವಾಜಾ. ಸಂಸ್ಕೃತದ ದ್ವಾರ, ಫಾರಸಿಯ ದರ್, ಇಂಗ್ಲಿಷಿನ ಡೋರ್ ಮೂರೂ ಒಂದೇ ಬೇರಿನಿಂದ ಚಿಗುರಿದ ಪದಗಳು. ಇಲ್ಲೊಂದು ಊರೇ ಬಾಗಿಲಿನ ಹೆಸರು ಹೊತ್ತು ನಿಂತಿದೆ. ಮೂಡಲ ಬಾಗಿಲು ಎಂಬುದೇ ಸವೆದು ಮುಳಬಾಗಿಲು ಆಯಿತೆಂದು ಹೇಳುತ್ತಾರೆ.

ಆದರೆ ಚರಿತ್ರೆಯಲ್ಲಿ ನಾವು ಓದುವುದು ಕೋಟೆಯ ಬಾಗಿಲು, ಗುಡಿಯ ಬಾಗಿಲುಗಳ ಬಗ್ಗೆ. ಮನೆಯೊಳಗೆ ಪಡಸಾಲೆಗೂ ನಡುಮನೆಗೂ ಮಧ್ಯೆ ನಿಂತಿರುವ ಒಳಬಾಗಿಲನ್ನು ವಿಚಾರಿಸಿದವರು ಕಡಿಮೆ. ಕೋಟೆಯ ಬಾಗಿಲು ತಡೆದದ್ದು ಶತ್ರುವನ್ನು. ಒಳಬಾಗಿಲು ತಡೆದದ್ದು ನೆರೆಯವರನ್ನು, ಎಷ್ಟೋ ಸಲ ಮನೆಯವರನ್ನೇ.

ಇದು ಕಲ್ಲಿನ ಸೀಮೆ. ಕಲ್ಲು ಚಪ್ಪಡಿಯನ್ನೇ ಮಾಳಿಗೆಗೆ ಹೊದಿಸಿದ ಮನೆಗಳು ನಮ್ಮ ಹಳ್ಳಿಗಳಲ್ಲಿ ಈಗಲೂ ಕಾಣುತ್ತವೆ. ಉಳ್ಳವರ ಮನೆಯಾದರೆ ಬೀದಿಗೆ ಜಗಲಿ, ಅದನ್ನು ದಾಟಿದರೆ ಪಡಸಾಲೆ, ಅದರಾಚೆ ನಡುಮನೆ. ಯಾರು ಎಲ್ಲಿಯವರೆಗೆ ಬರಬೇಕೆಂಬುದನ್ನು ಯಾರೂ ಬರೆದಿಟ್ಟಿರಲಿಲ್ಲ, ಆದರೆ ಎಲ್ಲರಿಗೂ ಗೊತ್ತಿತ್ತು. ಹೊಲದಲ್ಲಿ ದುಡಿವ ದಲಿತ ಬೀದಿಯಲ್ಲೇ ನಿಲ್ಲಬೇಕು. ಬಟ್ಟೆ ಮಾರುವ ಸಾಬರಿಗೆ ಜಗಲಿ. ಪರಿಚಯದ ಬೇರೆ ಜಾತಿಯವರಿಗೆ ಪಡಸಾಲೆ. ನಡುಮನೆಯ ಹೊಸ್ತಿಲು ದಾಟುವವರು ಸ್ವಂತದವರು ಮಾತ್ರ. ಹಗಲು ಹೊತ್ತು ಆ ಬಾಗಿಲಿಗೆ ಚಿಲಕ ಹಾಕುತ್ತಿರಲಿಲ್ಲ, ಹಾಕುವ ಅಗತ್ಯವೂ ಇರಲಿಲ್ಲ. ಎಪ್ಪತ್ತರ ದಶಕದಲ್ಲಿ ಹುಟ್ಟಿದ ದಲಿತ ಸಂಘರ್ಷ ಸಮಿತಿಗೆ ಕೋಲಾರ ಜಿಲ್ಲೆ ಗಟ್ಟಿ ನೆಲೆಯಾಯಿತು. ಅಲ್ಲಿಂದೀಚೆಗೆ ಈ ಕಾಣದ ಚಿಲಕದ ಬಗ್ಗೆ ಬಹಿರಂಗವಾಗಿ ಮಾತು ಶುರುವಾಯಿತು. ಅದು ಪೂರ್ತಿ ಕಳಚಿದೆ ಎನ್ನುವಂತಿಲ್ಲ. ಮಾಲೂರು ತಾಲೂಕಿನ ಉಳ್ಳೇರಹಳ್ಳಿಯಲ್ಲಿ ದೇವರ ಉತ್ಸವದ ಕೋಲನ್ನು ಮುಟ್ಟಿದನೆಂದು ದಲಿತ ಬಾಲಕನೊಬ್ಬನ ಕುಟುಂಬಕ್ಕೆ 60,000 ರೂಪಾಯಿ ದಂಡ ಹೇಳಿದ್ದು 2022ರಲ್ಲಿ.

ಮುಸ್ಲಿಮರ ಮನೆಗಳಲ್ಲಿ ಒಳಬಾಗಿಲಿನ ಲೆಕ್ಕ ಜಾತಿಯದಲ್ಲ, ಹೆಣ್ಣಿನದು. ನಮ್ಮ ಜಿಲ್ಲೆಯ ಬೂದಿಕೋಟೆಯಲ್ಲಿ ಹುಟ್ಟಿದ ಹೈದರಲಿ ಬೆಂಗಳೂರು ಕೋಟೆಯೊಳಗೆ ಒಂದು ಅರಮನೆ ಕಟ್ಟಿಸಲು ತೊಡಗಿದ. ಟಿಪ್ಪು ಅದನ್ನು 1791ರಲ್ಲಿ ಮುಗಿಸಿದ. ಅದರ ಮಹಡಿಯಲ್ಲಿ ದರ್ಬಾರಿನ ಜಾಗವೇ ಬೇರೆ, ಮೂಲೆಗಳ ಜನಾನಾ ಕೋಣೆಗಳೇ ಬೇರೆ. ದೊಡ್ಡವರ ಮನೆಗಳಲ್ಲೂ ಗಂಡಸರಿಗೆ ದೀವಾನ್‌ಖಾನೆ, ಹೆಂಗಸರಿಗೆ ಒಳಮನೆ. ಆದರೆ ರೇಷ್ಮೆ ನೂಲು ತೆಗೆಯುವವರಿಗೆ, ಜಟಕಾ ಹೊಡೆಯುವವರಿಗೆ, ಗಾರೆ ಕೆಲಸದವರಿಗೆ ಇದ್ದದ್ದೇ ಒಂದು ಕೋಣೆ. ಅವರು ಎರಡು ಮೊಳೆಗಳ ನಡುವೆ ಹುರಿ ಎಳೆದು ಹಳೆಯ ಸೀರೆಯನ್ನೋ ಗೋಣಿಯನ್ನೋ ಇಳಿಬಿಟ್ಟರು. ಬಡಗಿಗೆ ಕೂಲಿ ಕೊಡಲಾಗದ ಮನೆಯ ಬಾಗಿಲು ಅದು. ಆ ಪರದೆಯಾಚೆ ಬರುವ ಮುನ್ನ ಗಂಡಸರು ಒಮ್ಮೆ ಕೆಮ್ಮುವ ವಾಡಿಕೆಯಿತ್ತು.

ಕೆಮ್ಮಿನ ಈ ವಾಡಿಕೆಯ ಹಿಂದೆ ಒಂದು ಹಳೆಯ ವಿವೇಕವಿದೆ. ಕುರ್‌ಆನಿನ ಸೂರಾ ಅನ್ನೂರ್‌ನಲ್ಲಿ ಪರರ ಮನೆಗೆ ಅನುಮತಿಯಿಲ್ಲದೆ ಹೋಗಬಾರದೆಂಬ ವಿಧಿ ಇರುವುದು ಎಲ್ಲರಿಗೂ ಗೊತ್ತು. ಮನೆಯೊಳಗಿನ ನಿಯಮವೂ ಅದೇ ಅಧ್ಯಾಯದಲ್ಲಿದೆ: ಮುಂಜಾನೆಯ ನಮಾಜಿಗೆ ಮುಂಚೆ, ನಡುಹಗಲಿನ ವಿಶ್ರಾಂತಿಯಲ್ಲಿ, ರಾತ್ರಿಯ ನಮಾಜಿನ ನಂತರ ಮನೆಯ ಆಳುಗಳೂ ಮಕ್ಕಳೂ ಕೂಡ ಕೇಳಿಯೇ ಒಳಗೆ ಬರಬೇಕು. ಅಂದರೆ ಮರ್ಯಾದೆ ಕಾಯುವ ಹೊಣೆ ಒಳಗೆ ಬರುವವನದು. ರೂಢಿಯಲ್ಲಿ ಇದು ತಲೆಕೆಳಗಾಯಿತು. ಬರುವವನು ತಡೆದು ನಿಲ್ಲುವ ಬದಲು ಒಳಗಿದ್ದವಳು ಹೊರಗೆ ಬರಬಾರದು, ಅವಳ ದನಿ ಕೇಳಿಸಬಾರದು ಎಂದಾಯಿತು. ಅವಳ ಕೈಯಲ್ಲಿರಬೇಕಾದ ಚಿಲಕ ಬೇರೆಯವರ ಕೈಗೆ ಹೋಯಿತು.

ಈ ಸೀಮೆಯ ಒಳಬಾಗಿಲನ್ನು ಬದಲಿಸಿದ ಇನ್ನೊಂದು ಶಕ್ತಿ ರೇಷ್ಮೆ ಹುಳು. ಕೋಲಾರ, ಮುಳಬಾಗಿಲು, ಶ್ರೀನಿವಾಸಪುರದ ಕಡೆ ಸಣ್ಣ ರೈತರು ಹುಳು ಸಾಕಿದ್ದು ತಾವಿದ್ದ ನಡುಮನೆಯಲ್ಲೇ. ಹುಳು ಹಣ್ಣಾಗುವ ಹೊತ್ತಿಗೆ ತಟ್ಟೆ, ಚಂದ್ರಿಕೆಗಳಿಗೆ ಜಾಗ ಬಿಟ್ಟು ಮನೆಮಂದಿ ಜಗಲಿಯಲ್ಲಿ ಮಲಗುತ್ತಿದ್ದರು. 1980ರಲ್ಲಿ ಪಶ್ಚಿಮ ಬಂಗಾಳದ ಕಡೆಯಿಂದ ಊಜಿ ನೊಣ ಕರ್ನಾಟಕಕ್ಕೆ ಬಂತು. ಅದು ಹುಳುವಿನ ಮೈಮೇಲೆ ಮೊಟ್ಟೆಯಿಡುತ್ತದೆ. ಮರಿ ಒಳಹೊಕ್ಕು ಹುಳುವನ್ನು ತಿನ್ನುತ್ತದೆ. ಗೂಡು ಕಟ್ಟಿದ ಮೇಲೆ ಅದನ್ನು ಕೊರೆದು ಹೊರಬಂದರೆ ಆ ಗೂಡಿನಿಂದ ಎಳೆ ಬಿಚ್ಚಲಾಗದು. ಬೆಳೆದ ರೈತನಿಗೂ ನಷ್ಟ, ನೂಲು ತೆಗೆಯುವವನಿಗೂ ನಷ್ಟ. ಆಗ ತಜ್ಞರು ಹೇಳಿದ ಉಪಾಯ ಬಾಗಿಲಿನದೇ. ಹುಳುವಿನ ಕೋಣೆಗೆ ಮುಂಚೆ ಒಂದು ಪುಟ್ಟ ಕೋಣೆ, ಕಿಟಕಿಗೆ ನೈಲಾನ್ ಬಲೆ, ತಾನಾಗಿ ಮುಚ್ಚಿಕೊಳ್ಳುವ ಬಲೆಯ ಬಾಗಿಲು. ಅಲ್ಲಿ ಚಪ್ಪಲಿ ಬಿಟ್ಟು, ಕೈಕಾಲು ತೊಳೆದು ಒಳಗೆ ಹೋಗಬೇಕು. ಈ ನಿಯಮ ಯಜಮಾನನಿಗೂ ಆಳಿಗೂ ಒಂದೇ. ನಮ್ಮ ಹಳ್ಳಿಗಳಲ್ಲಿ ಯಾರ ಜಾತಿಯನ್ನೂ ಕೇಳದೆ ಎಲ್ಲರನ್ನೂ ಒಂದೇ ರೀತಿ ನಿಲ್ಲಿಸಿದ ಬಾಗಿಲು ಬಹುಶಃ ಇದೊಂದೇ.

ಈಗ ಪಡಸಾಲೆ, ನಡುಮನೆ ಎರಡೂ ಸೇರಿ ಹಾಲ್ ಆಗಿವೆ. ಜನತಾ ಮನೆ, ಆಶ್ರಯ ಮನೆಗಳಲ್ಲಿ ಒಳಬಾಗಿಲಿಗೆ ಜಾಗವೇ ಇರಲಿಲ್ಲ. ಜಾಗವಿದ್ದು ಹೊಸ ಮನೆ ಕಟ್ಟಿಸುವವರು ಮುಂಬಾಗಿಲಿಗೆ ತೇಗವನ್ನೇ ಬೇಕೆನ್ನುತ್ತಾರೆ, ಒಳಗಿನದಕ್ಕೆ ಬಂದಾಗ ಉಳಿದ ದುಡ್ಡಿನಲ್ಲಿ ಏನಾದರೂ ಸಾಕು ಎನ್ನುತ್ತಾರೆ. ಶ್ರೀನಿವಾಸಪುರದಲ್ಲಿ ಮಾವಿಗೆ ಬರವಿಲ್ಲ, ಆದರೆ ಮಾವಿನ ಹಲಗೆಗೆ ಹುಳು, ಗೆದ್ದಲಿನ ಕಾಟ ಜಾಸ್ತಿ. ಬೇವು, ಹಲಸು ಅದಕ್ಕಿಂತ ವಾಸಿ. ಫ್ಲಶ್ ಡೋರ್ ಆದರೆ ಒಳಗೆ ಪೂರ್ತಿ ಮರ ತುಂಬಿದ್ದನ್ನೇ ನೋಡಿ ತರಬೇಕು. ಟೊಳ್ಳಾದದ್ದು ಟಿ.ವಿ. ಸದ್ದನ್ನು ತಡೆಯದು. ಮನೆಯಲ್ಲಿ ವಯಸ್ಸಾದವರಿದ್ದರೆ ಹೊಸ್ತಿಲಿಲ್ಲದ ಚೌಕಟ್ಟೇ ಲೇಸು.

ಸದ್ದಿನ ಮಾತು ಸಣ್ಣದಲ್ಲ. ಹಾಲ್‌ನಲ್ಲಿ ಅತಿಥಿಗಳು ಕೂತಾಗ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಓದುವ ಹುಡುಗಿ ಎಲ್ಲಿ ಕೂರಬೇಕು? ಬಾಗಿಲೇ ಇಲ್ಲದಿದ್ದರೆ ಅವಳು ಪುಸ್ತಕ ಮಡಚಿ ಅಡುಗೆಮನೆಗೆ ಹೋಗುತ್ತಾಳೆ. ಹೊರಗಿನಿಂದ ಹಾಕುವ ಚಿಲಕ ಮಾತ್ರ ಇದ್ದರೆ ಅದು ಹಳೆಯ ಪದ್ಧತಿಯೇ. ಬಾಗಿಲು ಗಟ್ಟಿಯಿದ್ದು ಚಿಲಕ ಒಳಗಡೆಯಿದ್ದರೆ ಅವಳಿಗೆ ಬೇಕಾದಾಗ ಮುಚ್ಚಬಹುದು, ಬೇಕಾದಾಗ ತೆರೆದು ಬಂದು ಎಲ್ಲರ ಜೊತೆ ಕೂರಬಹುದು. ಮರ ಯಾವುದೆಂದು ಬಡಗಿ ಹೇಳಬಲ್ಲ. ಚಿಲಕ ಎಲ್ಲಿರಬೇಕೆಂಬುದನ್ನು ಮಾತ್ರ ಒಳಗೆ ಕೂರುವವರನ್ನು ಕೇಳಿ ತೀರ್ಮಾನಿಸಬೇಕು.