ಪಾಳು ಸುರಂಗ ಅಲ್ಲ ಅದು! (ಹಳೇ ದಾರಿಗಳು, ಭಾಗ 4)

ಹೋದ ವರ್ಷ ನಾನೊಂದು ಫೋಟೋ ಹಾಕಿದ್ದೆ, ನೆನಪಿದ್ಯಾ? ನಮ್ಮ ಮಾವ 2001ರಲ್ಲಿ ಎಡಕುಮೇರಿ ಹತ್ರ ಸುರಂಗದ ಬಾಯಲ್ಲಿ ನಿಂತಿರೋದು. "ಪಾಳು ಬಿದ್ದ ಸುರಂಗ, ಯಾರ್ ಬರ್ತೀರಾ?" ಅಂತ ಬರೆದಿದ್ದೆ. ಇಬ್ರು ಜೂನಿಯರ್ಸ್ ದಾರಿ ಕೇಳಿ ಮೆಸೇಜ್ ಮಾಡಿದ್ರು. ಆಗ ಹುಡುಕಿ ಓದಿದೆ, ಭಯ ಆಯ್ತು. ಪೋಸ್ಟ್ ಡಿಲೀಟ್ ಮಾಡಿದೆ. ಅಕೌಂಟ್ಸಲ್ಲಿ ರೆಕ್ಟಿಫಿಕೇಷನ್ ಎಂಟ್ರಿ ಅಂತೀವಲ್ಲ, ಇದು ಅದೇ.

1️⃣ ನಮ್ಮ ಬಣಕಲ್‌ಗೆ ರೈಲಿಲ್ಲ. ಚಿಕ್ಕಮಗಳೂರಿಗೇ ರೈಲು ಬಂದಿದ್ದು 2013ರಲ್ಲಿ. ಆದ್ರೆ ನಮ್ಮ ಜಾವಳಿ ಕಡೆ ಹುಟ್ಟೋ ಹೇಮಾವತಿ ಹರಿದು ಹೋಗೋ ಸಕಲೇಶಪುರದಿಂದ ಒಂದು ಹಳಿ ಘಟ್ಟ ಇಳಿಯುತ್ತೆ: ದೋಣಿಗಾಲ್, ಕಡಗರವಳ್ಳಿ, ಎಡಕುಮೇರಿ, ಸಿರಿಬಾಗಿಲು, ಕೊನೆಗೆ ಸುಬ್ರಹ್ಮಣ್ಯ ರೋಡ್. ಸುಮಾರು 55 ಕಿ.ಮೀ., 57 ಸುರಂಗ. 50 ಅಡಿ ಮುಂದೆ ಹೋದ್ರೆ 1 ಅಡಿ ಇಳಿಜಾರು.

2️⃣ ಇಷ್ಟು ಕಷ್ಟಪಟ್ಟು ಬೆಟ್ಟ ಕೊರೆದಿದ್ದು ಯಾಕೆ? ಉತ್ತರ ಮಂಗಳೂರು ಬಂದರಲ್ಲಿದೆ. ಒಳನಾಡಿನ ಅದಿರು, ಸರಕು ಹಡಗಿಗೆ ಮುಟ್ಟಬೇಕಿತ್ತು. 1960ರ ದಶಕದಲ್ಲಿ ಕೆಲಸ ಶುರುವಾಗಿ, 1979ರಲ್ಲಿ ಹಾಸನದಿಂದ ಮಂಗಳೂರಿಗೆ ಮೀಟರ್ ಗೇಜ್ ರೈಲು ಓಡ್ತು.

3️⃣ ಮೀಟರ್ ಗೇಜ್ ಅಂದ್ರೆ ಹಳಿಗಳ ನಡುವೆ 1 ಮೀಟರ್. ಬ್ರಾಡ್ ಗೇಜ್ 1.676 ಮೀಟರ್. ಗೇಜ್ ಬದಲಿಸೋಕೆ ಅಂತ 1996ರಲ್ಲಿ ಘಟ್ಟದ ದಾರಿ ಮುಚ್ಚಿದ್ರು. ಕೆಲಸ ಎಳೀತು. 2003ರಲ್ಲಿ ರೈಲ್ವೆ ಮತ್ತು ರಾಜ್ಯ ಸರ್ಕಾರ ಸೇರಿ ಒಂದು ಕಂಪನಿನೇ ಮಾಡ್ಬೇಕಾಯ್ತು. 2006ರಲ್ಲಿ ಗೂಡ್ಸ್, 2007ರ ಡಿಸೆಂಬರ್‌ನಲ್ಲಿ ಪ್ರಯಾಣಿಕರ ರೈಲು ವಾಪಸ್ ಬಂತು.

ಮಧ್ಯದ ಆ ಹತ್ತು ವರ್ಷ ಇದೆಯಲ್ಲ, ಅದೇ ಚಾರಣಿಗರ ಕಾಲ. ಮಾವ ನಡೆದಿದ್ದೂ ಆಗ್ಲೇ. ಅವರ ಕಥೆ ನಿಜ, ಫೋಟೋನೂ ನಿಜ. ತಾರೀಖು ಹಾಕದೆ ಹಂಚಿದ್ದು ನನ್ನ ತಪ್ಪು.

4️⃣ ಈಗ ಆ ಸುರಂಗಗಳಲ್ಲಿ ಹಗಲೂ ರಾತ್ರಿ ರೈಲು. ತಿರುವು ಇರೋ ಸುರಂಗದಲ್ಲಿ ಆ ಕಡೆ ಬಾಯಿ ಕಾಣಲ್ಲ. ಗೋಡೆಯಲ್ಲಿರೋ ಗೂಡುಗಳು ರೀಲ್ಸ್ ಮಾಡೋಕಲ್ಲ. ರೈಲು ಬಂದಾಗ ಗ್ಯಾಂಗ್‌ಮನ್‌ಗಳು ಸರಿದು ನಿಲ್ಲೋಕೆ. 2024ರ ಜುಲೈನಲ್ಲಿ ಎಡಕುಮೇರಿ–ಕಡಗರವಳ್ಳಿ ನಡುವೆ ಗುಡ್ಡ ಕುಸಿದು ಸುಮಾರು ಎರಡು ವಾರ ಪ್ರಯಾಣಿಕರ ರೈಲು ನಿಂತಿತ್ತು. ಆ ಮಳೇಲೇ ನಿಂತು ಕಾರ್ಮಿಕರು ದಾರಿ ಸರಿಮಾಡಿದ್ರು. ಚಾರ್ಮಾಡಿ ಮಳೆ ನೋಡಿರೋ ನಮಗೆ ಅದೇನು ಅಂತ ಹೇಳ್ಬೇಕಾ?

5️⃣ ಹಳಿ ಮೇಲೆ ನಡೆಯೋದು ರೈಲ್ವೆ ಕಾಯ್ದೆ ಪ್ರಕಾರ ಅಪರಾಧ. ಸುರಂಗ ನೋಡ್ಬೇಕಾ? ಯಶವಂತಪುರ–ಮಂಗಳೂರು ಹಗಲು ರೈಲಿಗೆ 2021ರಿಂದ ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿ ಇದೆ. ದುಡ್ಡಿಲ್ವಾ? ಸಾಮಾನ್ಯ ಬೋಗಿ ಕಿಟಕಿ ಸೀಟು ಸಾಕು. 57 ಎಣಿಸಿ. ನನ್ನ ಲೆಕ್ಕ 41ಕ್ಕೆ ತಪ್ಪೋಯ್ತು 😅

ನಿಮ್ಮನೇಲಿ ಯಾರಾದ್ರೂ ಆ ಮೀಟರ್ ಗೇಜ್ ರೈಲಲ್ಲಿ ಹೋಗಿದ್ರಾ? ಕೇಳಿ, ಕಾಮೆಂಟಲ್ಲಿ ಬರೀರಿ. ವರ್ಷ ಮರೀಬೇಡಿ 🙏

#ಹಳೇದಾರಿಗಳು #ಬಣಕಲ್ #ಎಡಕುಮೇರಿ #ಮಲೆನಾಡು